ಸಂಶಯದ ಸಾಧಕ ಡೇವಿಡ್ ಹ್ಯೂಮ್

ಸಂಶಯವು ಶ್ರದ್ಧೆಯ ಶತ್ರುವೆಂದು ಲೋಕದಲ್ಲಿ ಭಾವಿಸುವುದುಂಟು. ಆದರೆ ಎಲ್ಲವನ್ನೂ ಬಲ್ಲೆನೆಂಬ ಅಹಂಕಾರವನ್ನು ಕಳೆಯುವ ಸಂಶಯವು ಜ್ಞಾನಕ್ಕೆ ಸೋಪಾನವೂ ಆಗಬಲ್ಲುದು. ಸ್ಕಾಟ್ಲೆಂಡಿನ ತತ್ತ್ವಜ್ಞ ಡೇವಿಡ್ ಹ್ಯೂಮನ ಜೀವಿತವು ಇದಕ್ಕೆ ನಿದರ್ಶನ. ಆ ಸಂಶಯವು ನಡುದಾರಿಯಲ್ಲಿ ನಿಂತರೆ ಒದಗುವ ಕೇಡಿಗೂ ಅದೇ ನಿದರ್ಶನ.

ಹ್ಯೂಮನು 1711ರಲ್ಲಿ ಎಡಿನ್‌ಬರೋ ನಗರದಲ್ಲಿ ಜನಿಸಿದನು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು ತಾಯಿಯ ಆಶ್ರಯದಲ್ಲಿ ಬೆಳೆದನು. ಮಗನು ವಕೀಲನಾಗಲೆಂಬುದು ಮನೆಯವರ ಅಪೇಕ್ಷೆ. ಮಗನ ಮನಸ್ಸೋ ಸಿಸಿರೋ, ವರ್ಜಿಲರ ಗ್ರಂಥಗಳಲ್ಲಿ ನೆಟ್ಟಿತ್ತು. 1734ರಲ್ಲಿ ಬ್ರಿಸ್ಟಲಿನ ವರ್ತಕನೊಬ್ಬನಲ್ಲಿ ಕೆಲಕಾಲ ದುಡಿದು, ಅದೂ ಒಗ್ಗದೆ ಫ್ರಾನ್ಸಿಗೆ ತೆರಳಿದನು. ಡೇಕಾರ್ಟ್ ವ್ಯಾಸಂಗ ಮಾಡಿದ್ದ ಲಾ ಫ್ಲೆಷ್ ಎಂಬ ಊರಿನಲ್ಲಿ ಮಿತವ್ಯಯದಿಂದ ಬಾಳುತ್ತ, ಮಾನವ ಸ್ವಭಾವವನ್ನು ಕುರಿತ ತನ್ನ ಮಹಾಪ್ರಬಂಧವನ್ನು ರಚಿಸಿದನು. ಅದು 1739-40ರಲ್ಲಿ ಪ್ರಕಟವಾದಾಗ ಆತನಿಗೆ ಮೂವತ್ತು ತುಂಬಿರಲಿಲ್ಲ. ವಿದ್ವಲ್ಲೋಕವು ಅದನ್ನು ಆದರಿಸಲಿಲ್ಲ.

ಆತನ ವಿಚಾರಸರಣಿ ಇಂತಿದೆ: ಜ್ಞಾನವೆಲ್ಲವೂ ಅನುಭವಮೂಲವಾದುದು. ಬೆಂಕಿಯನ್ನೂ ಬಿಸಿಯನ್ನೂ ಜೊತೆಯಾಗಿ ಕಾಣುತ್ತೇವೆಯೇ ಹೊರತು ಅವೆರಡನ್ನೂ ಬಂಧಿಸುವ ಅವಶ್ಯಶಕ್ತಿಯನ್ನು ಎಂದೂ ಕಾಣೆವು. ಪುನಃ ಪುನಃ ಕಂಡ ಅಭ್ಯಾಸಬಲದಿಂದಲೇ ಮುಂದೆಯೂ ಹಾಗೆಯೇ ಆದೀತೆಂದು ಮನಸ್ಸು ನಿರೀಕ್ಷಿಸುತ್ತದೆ. ಅಂತರಂಗವನ್ನು ಹೊಕ್ಕು ನೋಡಿದರೂ ಸ್ಥಿರವಾದ ‘ನಾನು’ ದೊರೆಯದು. ಹರಿಯುವ ಅನುಭವಗಳ ಸಮೂಹವೇ ದೊರೆಯುವುದು. ಮನುಷ್ಯನನ್ನು ಕಾರ್ಯಕ್ಕೆ ಪ್ರೇರಿಸುವುದು ಬರಿಯ ತರ್ಕವಲ್ಲ, ಭಾವ. ಪರರ ಸುಖದುಃಖಗಳಿಗೆ ಸ್ಪಂದಿಸುವ ಸಹಾನುಭೂತಿಯೇ ನೀತಿಯ ಬೇರು.

ಪವಾಡದ ವಾರ್ತೆಯನ್ನು ಸಾಕ್ಷ್ಯದ ತಕ್ಕಡಿಯಲ್ಲಿ ತೂಗಬೇಕೆಂದು ಆತನು 1748ರ ಗ್ರಂಥದಲ್ಲಿ ವಾದಿಸಿದನು. ಮತಗಳು ಮೊಳೆತದ್ದು ಬಾಳಿನ ಆಸೆ ಭಯಗಳಿಂದಲೆಂದು 1757ರಲ್ಲಿ ಬರೆದನು. ನಾಸ್ತಿಕನೆಂಬ ಅಪವಾದವು ಆ ಮೊದಲೇ ಆತನ ಬೆನ್ನುಹತ್ತಿತ್ತು. 1745ರಲ್ಲಿ ಎಡಿನ್‌ಬರೋದಲ್ಲಿ, ಅನಂತರ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕ ಪದವಿ ಕೈತಪ್ಪಿತು. 1752ರಲ್ಲಿ ಎಡಿನ್‌ಬರೋದ ವಕೀಲರ ಗ್ರಂಥಭಂಡಾರದ ಪಾಲಕನಾದನು. ಅಲ್ಲಿನ ಗ್ರಂಥರಾಶಿಯ ನೆರವಿನಿಂದ ಆರು ಸಂಪುಟಗಳ ಇಂಗ್ಲೆಂಡಿನ ಇತಿಹಾಸವು ರೂಪುಗೊಂಡು, ಆತನಿಗೆ ಕೀರ್ತಿಯನ್ನೂ ಸಂಪತ್ತನ್ನೂ ತಂದಿತು. ಆತನು ತರಿಸಿದ ಮೂರು ಫ್ರೆಂಚ್ ಪುಸ್ತಕಗಳನ್ನು ಮೇಲ್ವಿಚಾರಕರು ಅಶ್ಲೀಲವೆಂದು ತೆಗೆಸಿದಾಗ ನೊಂದುಕೊಂಡನಾದರೂ, ವ್ಯಾಸಂಗಕ್ಕಾಗಿ ಪದವಿಯನ್ನು ಉಳಿಸಿಕೊಂಡು, ಅದರ ವೇತನವನ್ನು ಥಾಮಸ್ ಬ್ಲ್ಯಾಕ್‌ಲಾಕ್ ಎಂಬ ಅಂಧಕವಿಗೆ ಬಿಟ್ಟುಕೊಟ್ಟನು. ಸಹಾನುಭೂತಿಯನ್ನು ಬರೆದವನು ಅದನ್ನು ಆಚರಿಸಿಯೂ ತೋರಿದನು.

ಆದರೆ 1753ರಲ್ಲಿ ತನ್ನ ಲೇಖನವೊಂದಕ್ಕೆ ಸೇರಿಸಿದ ಅಡಿಟಿಪ್ಪಣಿಯಲ್ಲಿ, ಕಪ್ಪು ವರ್ಣದ ಜನರು ಬಿಳಿಯರಿಗಿಂತ ಸಹಜವಾಗಿಯೇ ಕೀಳೆಂಬ ಅಭಿಪ್ರಾಯವನ್ನು ಹ್ಯೂಮನು ಸೂಚಿಸಿದನು. ಪವಾಡಕ್ಕೆ ಬೇಡಿದ ಸಾಕ್ಷ್ಯವನ್ನು ಈ ಮಾತಿಗೆ ಬೇಡಲಿಲ್ಲ. 1770ರಲ್ಲಿ ಜೇಮ್ಸ್ ಬೀಟಿ ಎಂಬ ವಿದ್ವಾಂಸನು ಇದನ್ನು ಖಂಡಿಸಿದ ಮೇಲೂ ಆ ಟಿಪ್ಪಣಿಯನ್ನು ಪೂರ್ಣವಾಗಿ ಕೈಬಿಡಲಿಲ್ಲ. 2020ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯವು ತನ್ನ ಕಟ್ಟಡವೊಂದಕ್ಕಿದ್ದ ಆತನ ಹೆಸರನ್ನು ತೆಗೆದುದಕ್ಕೆ ಈ ಕಳಂಕವೇ ಕಾರಣ.

1776ರಲ್ಲಿ ರೋಗವು ಉಲ್ಬಣಿಸಿತು. ಸಾವಿನ ಹೊಸ್ತಿಲಲ್ಲಿ ಈತನ ಧೈರ್ಯವು ಕುಸಿದೀತೇನೋ ಎಂದು ಪರೀಕ್ಷಿಸಲು ಬಂದ ಬಾಸ್ವೆಲನು, ಹಸನ್ಮುಖಿಯಾದ ರೋಗಿಯನ್ನು ಕಂಡು ತಾನೇ ಕಳವಳಗೊಂಡನು. ಆಗಸ್ಟ್ 25ರಂದು ಹ್ಯೂಮನು ಶಾಂತನಾಗಿ ದೇಹತ್ಯಾಗ ಮಾಡಿದನು. ಆಪ್ತಮಿತ್ರನಾದ ಆಡಂ ಸ್ಮಿತ್ತನು ಆ ಸಜ್ಜನಿಕೆಯನ್ನು ಲೋಕಕ್ಕೆ ಸಾರಿದನು. ಮುಂದೆ ಜರ್ಮನಿಯ ಕ್ಯಾಂಟನನ್ನು ಹೊಸ ಚಿಂತನೆಗೆ ಎಚ್ಚರಿಸಿದ್ದು ಇದೇ ಸಂಶಯ.

ಬೋಧಿಸುವವರೂ ಕಲಿಯುವವರೂ ಹ್ಯೂಮನಿಂದ ಗ್ರಹಿಸಬೇಕಾದುದು ಎರಡು: ನಂಬುವ ಮುನ್ನ ಪರೀಕ್ಷಿಸುವ ವಿನಯ ಒಂದು, ಪರರನ್ನು ಅಳೆಯುವ ಮುನ್ನ ಅಳೆಯುವ ಕೋಲನ್ನೇ ಪರೀಕ್ಷಿಸುವ ಎಚ್ಚರ ಇನ್ನೊಂದು. ಮೊದಲನೆಯದನ್ನು ಆತನ ಸಾಧನೆಯಿಂದಲೂ ಎರಡನೆಯದನ್ನು ಆತನ ಸ್ಖಲನದಿಂದಲೂ ಕಲಿಯಬಹುದು.