ಶಿಲೆಗಳನ್ನು ಓದಿದ ಕುಂದಣಗಾರರು

ಹಳೆಯ ಗುಡಿಯ ಅಂಗಳದಲ್ಲಿ ಅಕ್ಷರ ಕೊರೆದ ಕಲ್ಲೊಂದು ನಿಂತಿದ್ದರೆ ಅದರ ಅಡಿಯಲ್ಲಿ ಹೊನ್ನಿನ ಕೊಪ್ಪರಿಗೆ ಇದೆಯೆಂದು ನಂಬುವವರು ಕೃಷ್ಣಾತೀರದ ಊರುಗಳಲ್ಲಿ ಹಿಂದೆಯೂ ಇದ್ದರು, ಇಂದಿಗೂ ಇಲ್ಲದಿಲ್ಲ. ಕಲ್ಲಿನ ಮೇಲ್ಭಾಗದಲ್ಲಿ ಸೂರ್ಯಚಂದ್ರರು, ನಡುವೆ ಲಿಂಗ, ಆಕಳು, ಕರು. ಕೆಳಗೆ ಯಾರಿಗೂ ಓದಲು ಬಾರದ ಸಾಲುಗಳು. ಈ ಸಾಲುಗಳೇ ನಿಧಿಯ ಗುರುತೆಂದು ಬಗೆದು ಅಮಾವಾಸ್ಯೆಯ ಕತ್ತಲಲ್ಲಿ ಅಗೆದು ಕಲ್ಲನ್ನು ಉರುಳಿಸಿದವರಿಗೆ ದೊರೆತದ್ದು ಮಣ್ಣು ಮಾತ್ರ. ಅಂಥ ಕಲ್ಲುಗಳನ್ನು ಉರುಳಿಸದೆ ಓದಿ, ಅವುಗಳಲ್ಲಿ ಅಡಗಿದ್ದ ಸಂಗತಿಯನ್ನು ನಾಡಿಗೆ ಒಪ್ಪಿಸಿದ ಮಹನೀಯರಲ್ಲಿ ಪ್ರೊ. ಕೆ. ಜಿ. ಕುಂದಣಗಾರರು ಒಬ್ಬರು. ಕೌತುಕದ ಸಂಗತಿಯೆಂದರೆ, ನಿಜವಾದ ಕೊಪ್ಪರಿಗೆಯೂ ಒಂದು ದಿನ ಅವರಿಗೇ ದೊರೆಯಿತು.

ಶ್ರೀಯುತರು 1895ರಲ್ಲಿ ಬೆಳಗಾವಿ ಜಿಲ್ಲೆಯ ಅಂದಿನ ಗೋಕಾಕ ತಾಲೂಕಿನ ಕೌಜಲಗಿಯಲ್ಲಿ ಜನಿಸಿದರು. ಕುಂದಣವೆಂದರೆ ಅಪರಂಜಿ, ಅದರಲ್ಲಿ ಹರಳನ್ನು ಕೂರಿಸುವವನು ಕುಂದಣಗಾರ. ಹೆಸರಿಗೂ ಬಾಳಿಗೂ ಇಂತಹ ಹೊಂದಿಕೆ ಎಲ್ಲರಿಗೂ ಒದಗುವುದಿಲ್ಲ. ಮುಂದೆ ಅವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡದ ಪ್ರಾಧ್ಯಾಪಕರಾದರು. ಪ್ರಾಕೃತ ಮತ್ತು ಜೈನ ವಾಙ್ಮಯದಲ್ಲಿ ಜಗತ್ತೇ ಮನ್ನಿಸಿದ ಸದಲಗೆಯ ಡಾ. ಆ. ನೇ. ಉಪಾಧ್ಯೆಯವರೂ ಅದೇ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಮರಾಠಿಯ ರಾಜಧಾನಿಯೊಂದರಲ್ಲಿ ಕುಳಿತು ಇಬ್ಬರು ಕನ್ನಡಿಗರು ಹಳೆಯ ಓಲೆ ಮತ್ತು ಶಾಸನಗಳ ಸೇವೆ ಮಾಡುತ್ತಿದ್ದ ಕಾಲವದು. ಸಂಸ್ಥಾನದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲವೆಂಬುದನ್ನೂ ನೆನೆಯಬೇಕು.

ಶಾಸನವನ್ನು ಓದುವುದು ಸುಲಭದ ಕೆಲಸವಲ್ಲ. ಶತಮಾನಗಳ ಎಣ್ಣೆ, ಸುಣ್ಣ, ಕುಂಕುಮಗಳನ್ನು ತೊಳೆದು, ಒದ್ದೆಯಾದ ಕಾಗದವನ್ನು ಕಲ್ಲಿಗೆ ಅಂಟಿಸಿ, ಕುಂಚದಿಂದ ಬಡಿದು, ಕಾಗದವು ಅಕ್ಷರದ ಕುಳಿಗಿಳಿದ ಮೇಲೆ ಮಸಿ ತಟ್ಟಿ ಪಡಿಯಚ್ಚು ತೆಗೆಯಬೇಕು. ಆಮೇಲೆ ಒಂದೊಂದೇ ಅಕ್ಷರವನ್ನು ಗುರುತಿಸಿ, ಶಕವರ್ಷ, ಸಂವತ್ಸರ, ತಿಥಿ, ವಾರಗಳನ್ನು ತಾಳೆ ನೋಡಬೇಕು. ಇಂತಹ ಪರಿಶ್ರಮದ ಫಲವಾಗಿ 1939ರಲ್ಲಿ ಉತ್ತರ ಕರ್ನಾಟಕ ಹಾಗೂ ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವು ಹೊರಬಂದಿತು. ಕೊಲ್ಲಾಪುರದ ಶ್ರೀ ಮಹಾಲಕ್ಷ್ಮೀ ದೇವಾಲಯವನ್ನು ಕುರಿತೂ ಅವರು ಪ್ರತ್ಯೇಕವಾಗಿ ಬರೆದರು.

ಈ ಶಾಸನಗಳಲ್ಲಿ ಏನಿದೆ? ಕೊಟ್ಟವನಾರು, ಪಡೆದ ದೇವರಾವುದು, ಭೂಮಿ ಎಷ್ಟು ಮತ್ತರು, ಎಷ್ಟು ಕಮ್ಮ, ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾರ ಹೊಲ. ಕೊನೆಗೆ ಇದನ್ನು ಅಳಿದವನಿಗೆ ತಟ್ಟುವ ಪಾಪ. ದಫ್ತರದ ಉತಾರೆಯನ್ನು ಕಂಡವರಿಗೆ ಇದೇನೂ ಅಪರಿಚಿತವಲ್ಲ. ಕಾಗದಕ್ಕೆ ಬದಲಾಗಿ ಕಲ್ಲು, ಮೊಹರಿಗೆ ಬದಲಾಗಿ ಸೂರ್ಯಚಂದ್ರರು, ಅಷ್ಟೆ. ಮಿರಜೆ ಮತ್ತು ಕೊಲ್ಲಾಪುರಗಳನ್ನು ಆಳಿದ ಶಿಲಾಹಾರ ಅರಸರ ಕಾಲದಲ್ಲಿ ಈ ಲೆಕ್ಕವನ್ನು ಹೆಚ್ಚಾಗಿ ಕನ್ನಡದಲ್ಲಿಯೇ ಕೊರೆಯುತ್ತಿದ್ದರು. 12ನೆಯ ಶತಮಾನದ ಗಂಡರಾದಿತ್ಯ ದೇವನು ಮಿರಿಂಜೆಯ ನಾಡಿನಲ್ಲಿ ಗಂಡಸಮುದ್ರವೆಂಬ ಕೆರೆಯನ್ನು ಕಟ್ಟಿಸಿ, ಅದರ ದಂಡೆಯ ಮೇಲೆ ಶಿವನಿಗೂ ಬುದ್ಧನಿಗೂ ಜಿನನಿಗೂ ಗುಡಿಗಳನ್ನು ಎತ್ತಿಸಿದನೆಂದು ತಾಮ್ರಶಾಸನವು ತಿಳಿಸುತ್ತದೆ. ಶಕ 1058ರ ಕೊಲ್ಲಾಪುರದ ಕನ್ನಡ ಶಾಸನದಲ್ಲಿ ವರ್ತಕರು ಒಟ್ಟುಗೂಡಿ ತಮ್ಮ ತಮ್ಮ ಸರಕಿನಲ್ಲಿ ಇಂತಿಷ್ಟೆಂದು ಬಸದಿಗೆ ಬಿಟ್ಟುಕೊಟ್ಟ ಪಟ್ಟಿಯಿದೆ. ಅದರಲ್ಲಿ ಅಡಿಕೆ ಮತ್ತು ವೀಳ್ಯದೆಲೆಯೂ ಸೇರಿವೆ. ಎಲೆಬಳ್ಳಿಯ ತೋಟಗಳ ನಡುವೆ ಬಾಳುವ ಮಾಲಗಾಂವದವರಿಗೆ ಆ ಪಟ್ಟಿಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೊಪ್ಪರಿಗೆಯ ವಿಷಯ. ಕೊಲ್ಲಾಪುರದ ಪಶ್ಚಿಮಕ್ಕೆ, ಪಂಚಗಂಗೆಯ ದಡದಲ್ಲಿ ಬ್ರಹ್ಮಪುರಿ ಎಂಬ ದಿಬ್ಬವಿದೆ. ಬಿಲ್ಲುಬಾಣದ ಗುರುತುಳ್ಳ ಪುರಾತನ ಸೀಸದ ನಾಣ್ಯಗಳು ಕೊಲ್ಲಾಪುರದಲ್ಲಿ 19ನೆಯ ಶತಮಾನದಲ್ಲಿಯೇ ದೊರೆತಿದ್ದವು. ಆದುದರಿಂದ ಊರು ಬಹಳ ಹಳೆಯದೆಂಬುದು ವಿದ್ವಾಂಸರಿಗೆ ತಿಳಿದಿತ್ತು. ಎಷ್ಟು ದೂರದ ನಾಡಿನೊಡನೆ ಅದಕ್ಕೆ ವ್ಯವಹಾರವಿತ್ತೆಂಬುದು ತಿಳಿದಿರಲಿಲ್ಲ. 1944-45ರ ಸುಮಾರಿಗೆ ಕುಂದಣಗಾರರು ಆ ದಿಬ್ಬದಲ್ಲಿ ಅಗೆಯಿಸಿದಾಗ ದೊಡ್ಡ ಲೋಹದ ಪಾತ್ರೆಗಳೆರಡು ಗೋಚರಿಸಿದವು. ಅವುಗಳೊಳಗೆ ಹೊನ್ನಿರಲಿಲ್ಲ. ಕಂಚಿನ ಸಾಮಾನುಗಳಿದ್ದವು: ಹೂಜಿ, ಕನ್ನಡಿ, ಮೇಲೆ ಜನರು ಕುಳಿತಿರುವ ಚಿಕ್ಕ ಆನೆ, ಮತ್ತು ಗೇಣುದ್ದವೂ ಇಲ್ಲದ ಒಂದು ಗಡ್ಡಧಾರಿ ಪುರುಷನ ನಗ್ನ ವಿಗ್ರಹ. ಆನೆಯು ನಮ್ಮ ಕಡೆಯ ಕೆಲಸ. ವಿಗ್ರಹವು ಮಾತ್ರ ನಮ್ಮ ಯಾವ ದೇವರದೂ ಅಲ್ಲ. ಅದು ಗ್ರೀಕರ ಸಮುದ್ರದೇವತೆಯಾದ ಪೊಸೈಡನ್. ತ್ರಿಶೂಲವು ಆ ದೇವನಿಗೂ ಆಯುಧವೆಂಬುದು ಶಿವಭಕ್ತರಿಗೆ ಸೋಜಿಗವೆನಿಸದಿರದು.

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಶಾತವಾಹನರ ಕಾಲದಲ್ಲಿ, ರೋಮ್ ಸಾಮ್ರಾಜ್ಯದ ಹಡಗುಗಳು ನಮ್ಮ ಪಡುವಣ ಕರಾವಳಿಗೆ ಬರುತ್ತಿದ್ದವು. ಮೆಣಸು, ಅರಿವೆ, ಹರಳುಗಳು ಅತ್ತ ಹೋದರೆ, ನಾಣ್ಯ, ಮದ್ಯ, ಕಂಚಿನ ಸಾಮಾನು ಇತ್ತ ಬರುತ್ತಿದ್ದವು. ಸಹ್ಯಾದ್ರಿಯ ಘಟ್ಟವೇರಿ ಬಂದ ಆ ಸಾಮಾನನ್ನು ಪಾತ್ರೆಯಲ್ಲಿ ಒಟ್ಟಿ ಹುಗಿದವನು ಮರಳಿ ಬಂದು ತೆಗೆಯಲಿಲ್ಲ. ಕಂಚುಗಾರನೋ, ವರ್ತಕನೋ, ಯಾವ ಭಯದಿಂದ ಹುಗಿದನೋ, ಆ ಮಾತನ್ನು ಕಲ್ಲಿನ ಮೇಲೆ ಯಾರೂ ಬರೆದಿಲ್ಲ.

ಇದರ ಬೆನ್ನಿಗೆ, 1945-46ರಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ಡಾ. ಎಚ್. ಡಿ. ಸಾಂಕಳಿಯಾ ಮತ್ತು ಡಾ. ಮೋ. ಗಂ. ದೀಕ್ಷಿತರು ಅಲ್ಲಿ ಶಾಸ್ತ್ರೀಯ ಉತ್ಖನನ ನಡೆಸಿದರು. ಅದರ ವರದಿಯು 1952ರಲ್ಲಿ ಪ್ರಕಟವಾಯಿತು. ಮೊದಲು ದೊರೆತ ಕಂಚಿನ ರಾಶಿಯನ್ನು ವಿದ್ವಾಂಸರು ಕುಂದಣಗಾರರ ಹೆಸರಿನಿಂದಲೇ ಕರೆದರು. ಹುಗಿದವನ ಹೆಸರು ಅಳಿದು ತೆಗೆದವನ ಹೆಸರು ನಿಂತಿತು.

ಇಂತಹ ಗೌರವಕ್ಕಿಂತಲೂ ಅವರ ಹಳ್ಳಿಗಳ ಶಾಸನದ ಕೆಲಸವೇ ದೊಡ್ಡದೆಂದು ಹೇಳಬೇಕಾಗುತ್ತದೆ. ಏಕೆಂದರೆ ಕಂಚನ್ನು ಎಲ್ಲರೂ ಕಾಪಾಡುತ್ತಾರೆ, ಕಲ್ಲನ್ನು ಕಾಪಾಡುವವರಿಲ್ಲ. ಭಕ್ತಿಯ ಭರದಲ್ಲಿಯೇ ಎಷ್ಟೋ ಶಾಸನಗಳು ಪಾವಟಿಗೆಯಾಗಿ ಸವೆದಿವೆ, ತಳಹದಿಗೆ ಬಿದ್ದಿವೆ, ಎಣ್ಣೆಬಣ್ಣ ಬಳಿಸಿಕೊಂಡು ಕುರುಡಾಗಿವೆ. ಜೀರ್ಣೋದ್ಧಾರವು ಪುಣ್ಯಕಾರ್ಯ; ಆದರೆ ಹಿಂದೆ ಭೂಮಿ ಬಿಟ್ಟ ಪುಣ್ಯವಂತನ ಹೆಸರನ್ನು ಉಳಿಯಿಂದ ಕೆತ್ತಿ ತೆಗೆದು ಹೊಸ ದಾನಿಗಳ ಹೆಸರಿನ ಫಲಕ ಕೂರಿಸುವುದು ಎಂತಹ ಉದ್ಧಾರ?

1961ರಲ್ಲಿ ಗದಗಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕುಂದಣಗಾರರು ಅಧ್ಯಕ್ಷರಾದರು. 1965ರಲ್ಲಿ ದೈವಾಧೀನರಾದರು. ಬ್ರಹ್ಮಪುರಿಯ ಅವಶೇಷಗಳಿಗಾಗಿ ಸ್ಥಾಪಿತವಾದ ವಸ್ತುಸಂಗ್ರಹಾಲಯವು ಮುಂದೆ ಕೊಲ್ಲಾಪುರದ ಟೌನ್ ಹಾಲಿಗೆ ಸ್ಥಳಾಂತರವಾಯಿತು. ಮಿರಜೆಯಿಂದ ರೈಲಿನಲ್ಲಿ ಅಂಬಾಬಾಯಿಯ ದರ್ಶನಕ್ಕೆ ಹೋಗುವ ಭಕ್ತರು ಆ ಕಟ್ಟಡದೊಳಗೆ ಹೊಕ್ಕು ನೋಡಿದರೆ, ಶಿಲಾಹಾರರ ಕಾಲದ ಕಲ್ಲುಗಳ ನೆರೆಯಲ್ಲಿಯೇ ಪಡುವಣ ಕಡಲಿನ ಆ ಪುಟ್ಟ ದೇವನನ್ನೂ ಕಾಣಬಹುದು.