ಸೋತ ರಾಜಧಾನಿಯ ಮಗ: ಬಾದಾಮಿಯನ್ನು ಮರಳಿ ಗಳಿಸಿದ ವಿಕ್ರಮಾದಿತ್ಯ

ಬಾದಾಮಿಗೆ ಬರುವ ಪ್ರವಾಸಿಗರು ಸಾಮಾನ್ಯವಾಗಿ ನಾಲ್ಕು ಗುಹೆಗಳನ್ನು ಏರಿಳಿದು, ಅಗಸ್ತ್ಯ ತೀರ್ಥದ ದಂಡೆಯ ಭೂತನಾಥ ಗುಡಿಯೆದುರು ಛಾಯಾಚಿತ್ರ ತೆಗೆಸಿಕೊಂಡು ಪಟ್ಟದಕಲ್ಲಿನ ದಾರಿ ಹಿಡಿಯುತ್ತಾರೆ. ತೆಗ್ಗಿನ ಈರಪ್ಪನ ಗುಡಿಯ ಹಿಂಬದಿಯ ಬಂಡೆಯತ್ತ ಹೊರಳಿ ನೋಡುವವರು ವಿರಳ. ಆ ಬಂಡೆಯ ಮೇಲೆ ಸವೆದುಹೋದ ಕೆಲವು ಸಾಲುಗಳಿವೆ. ಅವು ಚಾಲುಕ್ಯರು ಬರೆಸಿದ ಸಾಲುಗಳಲ್ಲ. ಚಾಲುಕ್ಯರನ್ನು ಅವರ ಮನೆಯಂಗಳದಲ್ಲಿಯೇ ಸೋಲಿಸಿದ ಕಂಚಿಯ ಪಲ್ಲವ ದೊರೆ ಒಂದನೆಯ ನರಸಿಂಹವರ್ಮನ ಆಳ್ವಿಕೆಯ 13ನೇ ವರ್ಷದ ಶಾಸನವದು. ಗೆದ್ದವನು ಸೋತವನ ರಾಜಧಾನಿಯ ಕಲ್ಲಿನ ಮೇಲೆಯೇ ತನ್ನ ಗೆಲುವನ್ನು ಕೊರೆಸಿ ಹೋದನು. ಆ ಅಕ್ಷರಗಳ ನೆರಳಿನಿಂದ ರಾಜ್ಯವನ್ನು ಎತ್ತಿ ನಿಲ್ಲಿಸಿದವನು ಬಾದಾಮಿ ಚಾಲುಕ್ಯರ ಒಂದನೆಯ ವಿಕ್ರಮಾದಿತ್ಯ.

ಕನ್ನಡ ನಾಡಿನಲ್ಲಿ ವಿಕ್ರಮಾದಿತ್ಯನೆಂದರೆ ಕಲ್ಯಾಣದ ಆರನೆಯ ವಿಕ್ರಮಾದಿತ್ಯನೇ ಮೊದಲು ನೆನಪಾಗುತ್ತಾನೆ. ಬಾದಾಮಿಯೆಂದರೆ ಇಮ್ಮಡಿ ಪುಲಿಕೇಶಿ. ಇವರಿಬ್ಬರ ಹೆಸರಿನ ಮರೆಯಲ್ಲಿ ಪುಲಿಕೇಶಿಯ ಈ ಮಗ ಪಠ್ಯಪುಸ್ತಕದ ಒಂದೆರಡು ಸಾಲುಗಳಿಗೆ ಸೀಮಿತನಾಗಿದ್ದಾನೆ. ಸೋಲಿಗೆ ಕುಗ್ಗದ ಮನೋಬಲದ ಮಾತು ಬಂದಾಗ ವ್ಯಕ್ತಿತ್ವ ವಿಕಸನದ ಉಪನ್ಯಾಸಕರು ಇಂದಿಗೂ ಸ್ಕಾಟ್ಲೆಂಡಿನ ರಾಬರ್ಟ್ ಬ್ರೂಸ್ ಮತ್ತು ಅವನ ಜೇಡರ ಹುಳುವಿನ ಕಥೆಯನ್ನೇ ಹೇಳುತ್ತಾರೆ. ಬ್ರೂಸನಿಗಿಂತ ಆರು ಶತಮಾನಗಳಷ್ಟು ಮೊದಲು, ಮಲಪ್ರಭೆಯ ದಂಡೆಯ ನಾಡಿನಲ್ಲಿ ಅದಕ್ಕಿಂತ ದೀರ್ಘವಾದ, ಜೇಡರ ಹುಳುವಿನ ನೆರವಿಲ್ಲದ ಕಥೆಯೊಂದು ನಡೆದಿತ್ತು.

ಏರಿದ ಎತ್ತರ, ಬಿದ್ದ ಆಳ

ವಿಕ್ರಮಾದಿತ್ಯನು ಬಿದ್ದ ಆಳವನ್ನು ಅರಿಯಬೇಕಾದರೆ ಅವನ ತಂದೆ ಏರಿದ ಎತ್ತರವನ್ನು ನೋಡಬೇಕು. ಹುನಗುಂದದಿಂದ ಅಮೀನಗಡ ದಾಟಿ ಐಹೊಳೆಗೆ ಹೋದರೆ ಮೇಗುತಿ ಗುಡ್ಡದ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ. ಅದರ ಕಾಲ ಶಕವರ್ಷ 556, ಅಂದರೆ ಕ್ರಿ.ಶ. 634-35. ಉತ್ತರದ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ, ಪಲ್ಲವ ದೊರೆಯನ್ನು ಕಂಚಿಯ ಕೋಟೆಗೋಡೆಯ ಹಿಂದೆ ಅಡಗುವಂತೆ ಮಾಡಿದ ಪುಲಿಕೇಶಿಯ ಪರಾಕ್ರಮವನ್ನು ಅದು ಹೊಗಳುತ್ತದೆ. ಅದು ಬರೆಯಲ್ಪಟ್ಟ ಎಂಟು ವರ್ಷಗಳೊಳಗೆ ಎಲ್ಲವೂ ತಲೆಕೆಳಗಾಯಿತು. ಅಂದು ಕಂಚಿಯಲ್ಲಿ ಮುಖಭಂಗ ಅನುಭವಿಸಿದ ಮಹೇಂದ್ರವರ್ಮನ ಮಗ ನರಸಿಂಹವರ್ಮನು ಕ್ರಿ.ಶ. 642ರಲ್ಲಿ ದಂಡೆತ್ತಿ ಬಂದು ಬಾದಾಮಿಯನ್ನು ಗೆದ್ದನು. ವಾತಾಪಿಕೊಂಡ ಎಂಬ ಬಿರುದನ್ನು ಧರಿಸಿದನು. ಆ ಯುದ್ಧದಲ್ಲಿಯೇ ಪುಲಿಕೇಶಿ ಮಡಿದನೆಂಬುದು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. ಸೋತ ತಂದೆಯ ಅವಮಾನವನ್ನು ಹೊತ್ತು ಬೆಳೆದ ಮಗನೊಬ್ಬನು ಇನ್ನೊಬ್ಬ ಮಗನನ್ನು ಅದೇ ಸ್ಥಿತಿಗೆ ತಂದು ನಿಲ್ಲಿಸಿದ್ದನು.

ಆ ಸ್ಥಿತಿ ಎಂತಹುದೆಂಬುದನ್ನು ತಿಳಿಯಲು ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನ ಬರಹ ನೆರವಾಗುತ್ತದೆ. ಬಾದಾಮಿ ಬೀಳುವುದಕ್ಕೆ ಒಂದು ವರ್ಷದ ಹಿಂದಷ್ಟೇ, ಸುಮಾರು ಕ್ರಿ.ಶ. 641ರಲ್ಲಿ, ಅವನು ಪುಲಿಕೇಶಿಯ ರಾಜ್ಯವನ್ನು ಕಂಡಿದ್ದನು. ಇಲ್ಲಿನ ಜನ ಅಭಿಮಾನಿಗಳು, ಉಪಕಾರವನ್ನು ಮರೆಯದವರು, ಅವಮಾನವನ್ನು ಸಹಿಸದವರು ಎಂದು ದಾಖಲಿಸಿದ ಅವನು ಒಂದು ವಿಚಿತ್ರ ಪದ್ಧತಿಯನ್ನೂ ಗುರುತಿಸಿದ್ದಾನೆ. ಯುದ್ಧದಲ್ಲಿ ಸೋತು ಬಂದ ಸೇನಾನಿಗೆ ಇಲ್ಲಿ ದೈಹಿಕ ಶಿಕ್ಷೆಯಿರಲಿಲ್ಲ. ಅವನು ಯೋಧನ ಉಡುಪನ್ನು ಬಿಟ್ಟು ಹೆಣ್ಣಿನ ಉಡುಪನ್ನು ತೊಡಬೇಕಾಗುತ್ತಿತ್ತು. ಆ ಅವಮಾನವನ್ನು ತಾಳಲಾರದೆ ಹಲವರು ಪ್ರಾಣವನ್ನೇ ಬಿಡುತ್ತಿದ್ದರು.

ಹೀಗೆ ಸೋತವನು ಸಾಯುವುದೇ ಮರ್ಯಾದೆ ಎಂದು ತಿಳಿದಿದ್ದ ನಾಡಿನಲ್ಲಿ ಸೋತ ಮನೆತನದ ರಾಜಕುಮಾರನೊಬ್ಬ ಬದುಕಿ ಉಳಿಯುವುದನ್ನು ಆರಿಸಿಕೊಂಡನು. ಅಂದಿನ ದೃಷ್ಟಿಯಲ್ಲಿ ಇದು ಸಣ್ಣ ನಿರ್ಧಾರವಲ್ಲ.

ಒಡೆಯನಿಲ್ಲದ 13 ವರ್ಷ

642ರಿಂದ 655ರವರೆಗಿನ 13 ವರ್ಷ ಚಾಲುಕ್ಯ ಸಾಮ್ರಾಜ್ಯಕ್ಕೆ ಸರ್ವಮಾನ್ಯನಾದ ಒಡೆಯನಿರಲಿಲ್ಲ. ರಾಜಧಾನಿಯಲ್ಲಿ ಪಲ್ಲವರ ಕಾವಲು. ಪೂರ್ವದಲ್ಲಿ ಪುಲಿಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನನ ವಂಶದವರು ವೆಂಗಿಯನ್ನು ತಮ್ಮದೇ ರಾಜ್ಯವಾಗಿ ಆಳತೊಡಗಿದ್ದರು. ಪುಲಿಕೇಶಿಯ ಮಕ್ಕಳು ಹಲವರು. ಅವರಲ್ಲಿ ಆದಿತ್ಯವರ್ಮನು ಸ್ವತಂತ್ರ ಅರಸನಂತೆ ತನ್ನ ಹೆಸರಿನಲ್ಲಿಯೇ ದಾನಶಾಸನ ಹೊರಡಿಸಿದ್ದು ಕರ್ನೂಲಿನಲ್ಲಿ ದೊರೆತ ತಾಮ್ರಪಟದಿಂದ ತಿಳಿಯುತ್ತದೆ. ಹೊರಗಿನ ಶತ್ರುವಿಗಿಂತ ಮನೆಯೊಳಗಿನ ಒಡಕು ಹೆಚ್ಚು ಅಪಾಯಕಾರಿಯಾಗಿದ್ದ ಕಾಲವದು.

ಈ ಅವಧಿಯಲ್ಲಿ ವಿಕ್ರಮಾದಿತ್ಯನಿಗೆ ಗಂಗರ ಬೆಂಬಲ ದೊರೆಯಿತೆಂಬ ನಂಬಿಕೆಯಿದೆ. ಶಿವಮೊಗ್ಗ ಸೀಮೆಯ, ಬಹಳ ನಂತರದ ಕಾಲದ ಶಾಸನವೊಂದು ಗಂಗ ದೊರೆ ದುರ್ವಿನೀತನು ಕಾಡುವೆಟ್ಟಿಯನ್ನು, ಅಂದರೆ ಪಲ್ಲವನನ್ನು, ಸೋಲಿಸಿ ತನ್ನ ಮಗಳ ಮಗನನ್ನು ಚಾಲುಕ್ಯ ಸಿಂಹಾಸನದಲ್ಲಿ ಕೂಡಿಸಿದನೆಂದು ಹೇಳುತ್ತದೆ. ಆ ಮೊಮ್ಮಗನೇ ವಿಕ್ರಮಾದಿತ್ಯನೆಂದು ಕೆಲವು ವಿದ್ವಾಂಸರು ವಾದಿಸಿದರೆ, ಕಾಲಗಣನೆ ಹೊಂದುವುದಿಲ್ಲವೆಂದು ಇನ್ನು ಕೆಲವರು ಒಪ್ಪುವುದಿಲ್ಲ. ಬಿದ್ದವನು ಏಳಲು ಆಸರೆಯ ಕೈಯೊಂದು ಬೇಕಾಗುವುದು ಸಹಜ. ಆ ಕೈ ತಾತನದೇ ಆಗಿದ್ದರೆ ಅದರಲ್ಲಿ ಅಚ್ಚರಿಯಿಲ್ಲ.

ಅವನದೇ ತಾಮ್ರಪಟಗಳು ಮಾತ್ರ ನೆರವಿನ ವಿಷಯವನ್ನು ಎತ್ತುವುದಿಲ್ಲ. ತಂದೆಯ ರಾಜ್ಯಲಕ್ಷ್ಮಿಯನ್ನು ಮೂವರು ಅರಸರು ಮರೆಮಾಡಿದ್ದರೆಂದೂ, ಚಿತ್ರಕಂಠವೆಂಬ ಒಂದೇ ಒಂದು ಕುದುರೆಯನ್ನೇರಿ, ಕತ್ತಿಯೊಂದನ್ನೇ ಹಿಡಿದು ವಿಕ್ರಮಾದಿತ್ಯನು ಅದನ್ನು ಮರಳಿ ಗಳಿಸಿದನೆಂದೂ ಅವು ಬಣ್ಣಿಸುತ್ತವೆ. ಪ್ರಶಸ್ತಿಯ ಭಾಷೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಒಂದು ಕುದುರೆಯಿಂದ ರಾಜ್ಯ ಗೆಲ್ಲಲು ಬರುವುದಿಲ್ಲ. ಆದರೂ ಚಾಲುಕ್ಯರ ಶಾಸನಗಳಲ್ಲಿ ಕುದುರೆಯೊಂದಕ್ಕೆ ಇಷ್ಟು ಗೌರವದ ಸ್ಥಾನ ಸಿಕ್ಕಿರುವುದು ಗಮನಾರ್ಹ. ಮುಂದಿನ ತಲೆಮಾರಿನ ಅರಸರೂ ತಮ್ಮ ತಾಮ್ರಪಟಗಳಲ್ಲಿ ಆ ಹೆಸರನ್ನು ಬಿಡದೆ ಬರೆಸಿದರು.

ಇಂದಿನ ನೆಲ್ಲೂರು ಜಿಲ್ಲೆಯ ತಲಮಂಚಿಯಲ್ಲಿ ದೊರೆತ, ಕ್ರಿ.ಶ. 660ರ ತಾಮ್ರಪಟವು ಅದನ್ನು ವಿಕ್ರಮಾದಿತ್ಯನ ಆಳ್ವಿಕೆಯ 6ನೇ ವರ್ಷವೆಂದು ಹೇಳುತ್ತದೆ. ಅದರಿಂದ ಹಿಂದಕ್ಕೆ ಎಣಿಸಿಯೇ ಅವನ ಪಟ್ಟವನ್ನು 654-55ಕ್ಕೆ ಇಡಲಾಗಿದೆ.

ಕತ್ತಿಯ ನಂತರದ ಕೆಲಸ

ರಾಜಧಾನಿ ಕೈಸೇರಿದೊಡನೆ ಅವನು ಕಂಚಿಯ ಮೇಲೆ ಸೇಡಿಗೆ ಹೊರಡಲಿಲ್ಲ. ಅವನ ಶಾಸನಗಳು ಗೆಲುವಿನ ಬೆನ್ನಿಗೇ ಹೇಳುವ ಕೆಲಸ ಬೇರೆಯದು. ಮೂವರು ಅರಸರ ಕಾಲದಲ್ಲಿ ನಿಂತುಹೋಗಿದ್ದ ದೇವರ ಮತ್ತು ಬ್ರಾಹ್ಮಣರ ದತ್ತಿಗಳನ್ನು ಅವನು ಪುನಃ ಜಾರಿಗೆ ತಂದನು. ಇಂದಿನ ಓದುಗರಿಗೆ ಇದು ಧಾರ್ಮಿಕ ಸಂಗತಿಯಾಗಿ ಮಾತ್ರ ಕಾಣಬಹುದು. ಅಂದಿನ ಆಡಳಿತದಲ್ಲಿ ದತ್ತಿಯೆಂದರೆ ಭೂಮಿ, ಭೂಮಿಯೆಂದರೆ ಒಕ್ಕಲು ಮತ್ತು ತೆರಿಗೆ. ಹಿಂದಿನ ಅರಸ ಕೊಟ್ಟ ಮಾತು ಈಗಲೂ ಚಾಲ್ತಿಯಲ್ಲಿದೆ ಎಂದು ಹಳ್ಳಿಹಳ್ಳಿಗೂ ತಿಳಿಸುವ ಕ್ರಮವದು. 13 ವರ್ಷ ಕೆಟ್ಟಿದ್ದ ವಿಶ್ವಾಸವನ್ನು ಅವನು ಹೀಗೆ ದುರಸ್ತಿ ಮಾಡಿದನು.

ಮನೆಯ ಒಡಕನ್ನೂ ಅವನು ಬಗೆಹರಿಸಿಕೊಂಡ ರೀತಿ ಕುತೂಹಲಕರವಾಗಿದೆ. ಅವನ ಅಣ್ಣ ಚಂದ್ರಾದಿತ್ಯನ ರಾಣಿ ವಿಜಯಭಟ್ಟಾರಿಕೆಯ ದಾನಶಾಸನಗಳು ಇಂದಿನ ಮಹಾರಾಷ್ಟ್ರದ ಕರಾವಳಿಯ ನೇರೂರು ಮತ್ತು ಕೋಚರೆಗಳಲ್ಲಿ ದೊರೆತಿವೆ. ನೇರೂರಿನ ಶಾಸನದಲ್ಲಿ ಮೊದಲು ವಿಕ್ರಮಾದಿತ್ಯನ ಪರಾಕ್ರಮದ ಹೊಗಳಿಕೆ ಬರುತ್ತದೆ. ಅಣ್ಣನ ಹೆಸರು ಅದರ ನಂತರ. ತಮ್ಮನ ಹಿರಿಮೆಯನ್ನು ಅಣ್ಣನ ಮನೆಯವರೇ ಒಪ್ಪಿಕೊಂಡ ದಾಖಲೆಯೆಂದು ಇದನ್ನು ಓದಬಹುದು. ಸಂಸ್ಕೃತ ಕಾವ್ಯಲೋಕದ ಪ್ರಸಿದ್ಧ ಕವಯಿತ್ರಿ ವಿಜ್ಜಿಕೆ ಈ ರಾಣಿಯೇ ಎಂಬುದು ಹಲವು ವಿದ್ವಾಂಸರ ಅಭಿಮತ. ಇನ್ನು ಕಿರಿಯ ತಮ್ಮ ಜಯಸಿಂಹವರ್ಮನಿಗೆ ದಕ್ಷಿಣ ಗುಜರಾತಿನ ಲಾಟ ದೇಶದ ಆಡಳಿತ ದೊರೆಯಿತು. ನವಸಾರಿಯ ಕ್ರಿ.ಶ. 671ರ ತಾಮ್ರಪಟವು ಜಯಸಿಂಹನ ಏಳಿಗೆಗೆ ಅಣ್ಣ ವಿಕ್ರಮಾದಿತ್ಯನೇ ಕಾರಣನೆಂದು ಸ್ಮರಿಸುತ್ತದೆ.

ತಂದೆಯ ಕಾಲದ ಎಲ್ಲವೂ ಮರಳಿ ಬರಲಿಲ್ಲ. ವೆಂಗಿ ಬಾದಾಮಿಯ ಆಳ್ವಿಕೆಗೆ ಮತ್ತೆ ಸೇರಲೇ ಇಲ್ಲ. ಕಳೆದುಕೊಂಡದ್ದರಲ್ಲಿ ಯಾವುದನ್ನು ಬೆನ್ನಟ್ಟಬೇಕು, ಯಾವುದನ್ನು ಬಿಡಬೇಕೆಂಬ ಲೆಕ್ಕ ಅವನಲ್ಲಿ ಸ್ಪಷ್ಟವಾಗಿದ್ದಂತೆ ತೋರುತ್ತದೆ.

ಕ್ರಿ.ಶ. 660ರಲ್ಲಿ ಅವನು ಸುದರ್ಶನಾಚಾರ್ಯನೆಂಬ ಗುರುವಿನಿಂದ ಶಿವದೀಕ್ಷೆ ಪಡೆದನೆಂದು ತೆಲಂಗಾಣದ ಅಮುದಾಲಪಾಡುವಿನ ತಾಮ್ರಪಟ ತಿಳಿಸುತ್ತದೆ. ಪಟ್ಟವೇರಿ ಐದಾರು ವರ್ಷಗಳಾಗಿದ್ದ, ಯುದ್ಧಗಳ ನಡುವಿನ ಆ ಬಿಡುವಿನಲ್ಲಿ ಅರಸನ ಮನಸ್ಸು ಏನನ್ನು ಅರಸುತ್ತಿತ್ತೆಂಬುದಕ್ಕೆ ಉಳಿದಿರುವ ಒಂದು ಸುಳಿವು ಇದು.

ಕಾವೇರಿಯ ದಂಡೆಯಲ್ಲಿ

ನರಸಿಂಹವರ್ಮನು ಕ್ರಿ.ಶ. 668ರ ಸುಮಾರಿಗೆ ತೀರಿಕೊಂಡನು. ಅವನ ನಂತರ ಎರಡನೆಯ ಮಹೇಂದ್ರವರ್ಮ, ಬಳಿಕ ಒಂದನೆಯ ಪರಮೇಶ್ವರವರ್ಮ ಕಂಚಿಯ ಅರಸರಾದರು. ವಿಕ್ರಮಾದಿತ್ಯನ ಬದುಕು ಈ ಮೂವರನ್ನೂ ಎದುರಿಸುವುದರಲ್ಲಿ ಕಳೆಯಿತು. ಕೊನೆಗೆ ಅವನ ಸೈನ್ಯ ಕಂಚಿಯನ್ನು ಹೊಕ್ಕಿತು. ಅಲ್ಲಿಗೇ ನಿಲ್ಲದೆ ದಕ್ಷಿಣಕ್ಕೆ ಸಾಗಿ, 674ರ ಏಪ್ರಿಲ್‌ನಲ್ಲಿ ಕಾವೇರಿಯ ದಕ್ಷಿಣ ದಂಡೆಯ ಉರಗಪುರದಲ್ಲಿ, ಅಂದರೆ ಇಂದಿನ ತಿರುಚಿರಾಪಳ್ಳಿಗೆ ಸೇರಿದ ಉರೈಯೂರಿನಲ್ಲಿ, ಬೀಡುಬಿಟ್ಟಿತ್ತು. ಕೃಷ್ಣಾ–ತುಂಗಭದ್ರೆಗಳ ನಡುವಿನ ಗದ್ವಾಲದಲ್ಲಿ ದೊರೆತ ತಾಮ್ರಪಟದಿಂದ ಇದು ತಿಳಿಯುತ್ತದೆ. ಬಾದಾಮಿಯಿಂದ ಉರೈಯೂರಿಗೆ ನೇರ ಅಳತೆಯಲ್ಲಿಯೇ 600 ಕಿಲೋಮೀಟರಿಗೂ ಹೆಚ್ಚು ದೂರ. 32 ವರ್ಷಗಳ ಹಿಂದೆ ತಂದೆಯನ್ನೂ ಊರನ್ನೂ ಕಳೆದುಕೊಂಡಿದ್ದವನು ಶತ್ರುವಿನ ರಾಜಧಾನಿಯನ್ನು ಬೆನ್ನಿಗೆ ಹಾಕಿ ಕಾವೇರಿಯ ನೀರು ಮುಟ್ಟಿದ್ದನು.

ಜನಪ್ರಿಯ ಕಥೆಗಳಾಗಿದ್ದರೆ ಇಲ್ಲಿಗೆ ಮುಗಿಯುತ್ತಿದ್ದವು. ವಿಕ್ರಮಾದಿತ್ಯನ ಬದುಕು ಮುಗಿಯಲಿಲ್ಲ. ಅದೇ ಸೀಮೆಯ ಪೆರುವಳನಲ್ಲೂರಿನಲ್ಲಿ ಪರಮೇಶ್ವರವರ್ಮನು ಸೈನ್ಯ ಕೂಡಿಸಿಕೊಂಡು ತಿರುಗಿ ಬಿದ್ದನು. ಕಂಚಿಯ ಸಮೀಪದ ಕೂರಂನಲ್ಲಿ ದೊರೆತ ಪಲ್ಲವ ತಾಮ್ರಪಟದ ಪ್ರಕಾರ, ಲಕ್ಷಗಟ್ಟಲೆ ಸೈನ್ಯದ ಒಡೆಯನಾದ ವಿಕ್ರಮಾದಿತ್ಯನು ಮೈಗೆ ಚಿಂದಿ ಬಟ್ಟೆಯೊಂದನ್ನೇ ಸುತ್ತಿಕೊಂಡು ಏಕಾಂಗಿಯಾಗಿ ಓಡಿಹೋದನು. ಚಾಲುಕ್ಯರ ತಾಮ್ರಪಟದಲ್ಲಿ ಕುದುರೆಯೇರಿ ಒಬ್ಬನೇ ಗೆಲ್ಲಲು ಹೊರಟವನು ಪಲ್ಲವರ ತಾಮ್ರಪಟದಲ್ಲಿ ಒಬ್ಬನೇ ಸೋತು ಮರಳುತ್ತಾನೆ. ಎರಡೂ ಆಸ್ಥಾನ ಕವಿಗಳ ಅತಿಶಯೋಕ್ತಿಯೇ. ಆದರೆ ಆ ಸೋಲು ನಿಜ. ಚಾಲುಕ್ಯರು ಕಂಚಿಯನ್ನು ಬಿಟ್ಟು ಹಿಂದಿರುಗಬೇಕಾಯಿತು.

ತಂದೆಯ ಸೋಲು ಮಗನಿಗೆ ಬಳುವಳಿಯಾಗಿ ಬಂದದ್ದು. ಇದು ಅವನ ಸ್ವಂತದ್ದು, ವಯಸ್ಸಾದ ಮೇಲೆ ಬಂದದ್ದು. ಅದನ್ನು ಅವನು ತಾಳಿಕೊಂಡ ಬಗೆಯೇ ಈ ಬದುಕಿನ ದೊಡ್ಡ ಭಾಗವೆನ್ನಬೇಕು. 642ರಲ್ಲಿ ಒಂದು ಯುದ್ಧ ಸೋತದ್ದಕ್ಕೆ ಇಡೀ ರಾಜ್ಯ ಕುಸಿದಿತ್ತು. 674ರ ಸುಮಾರಿನಲ್ಲಿ ಅಂತಹದೇ ಸೋಲು ಬಂದರೂ ಬಾದಾಮಿಯ ಗದ್ದುಗೆ ಅಲುಗಲಿಲ್ಲ. ಅರಸನು ದಕ್ಷಿಣದಲ್ಲಿದ್ದಾಗ ಮೊಮ್ಮಗ ವಿಜಯಾದಿತ್ಯನು ನಾಡಿನೊಳಗಿನ ಕಂಟಕರನ್ನು ಹತ್ತಿಕ್ಕಿದನು. ಮಗ ವಿನಯಾದಿತ್ಯನು ತಂದೆಯ ಆಜ್ಞೆಯಂತೆ ಪಲ್ಲವರ ವಿರುದ್ಧ ಸೇನೆ ನಡೆಸಿದನು. ಲಾಟದಲ್ಲಿ ತಮ್ಮನ ವಂಶ ನಿಷ್ಠೆಯಿಂದಿತ್ತು. ಹಿಂದೆ ಮಕ್ಕಳು ದಿಕ್ಕಿಗೊಬ್ಬರಾಗಿದ್ದ ಮನೆತನದಲ್ಲಿ ಈಗ ಮೂರು ತಲೆಮಾರು ಒಟ್ಟಿಗೆ ಹೆಗಲು ಕೊಟ್ಟಿತ್ತು. ಪಟ್ಟವೇರಿದ ಹೊಸತರಲ್ಲಿ ಅವನು ಮಾಡಿದ, ಪ್ರಶಸ್ತಿ ಕವಿಗಳಿಗೆ ಅಷ್ಟೇನೂ ರುಚಿಸದ ಕೆಲಸಗಳ ಫಲ ಕಂಡದ್ದು ಇಪ್ಪತ್ತು ವರ್ಷಗಳ ನಂತರ.

ಸುಮಾರು 26 ವರ್ಷ ಆಳಿದ ವಿಕ್ರಮಾದಿತ್ಯನು ಕ್ರಿ.ಶ. 681ರ ಹೊತ್ತಿಗೆ ತೀರಿಕೊಂಡನು. ಈ ಬಾರಿ ಪಟ್ಟಕ್ಕಾಗಿ ಕಿತ್ತಾಟ ನಡೆಯಲಿಲ್ಲ. ವಿನಯಾದಿತ್ಯನು ಅರಸನಾದನು, ಅವನ ಬಳಿಕ ವಿಜಯಾದಿತ್ಯ. ಅವನ ಮಗ, ಮುತ್ತಜ್ಜನ ಹೆಸರನ್ನೇ ಹೊತ್ತ ಎರಡನೆಯ ವಿಕ್ರಮಾದಿತ್ಯನು ಎಂಟನೆಯ ಶತಮಾನದಲ್ಲಿ ಕಂಚಿಯನ್ನು ಮತ್ತೆ ಗೆದ್ದನು. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿಯೇ ಪಟ್ಟದಕಲ್ಲಿನ ವಿರೂಪಾಕ್ಷ. ಕಂಚಿಯ ಕೈಲಾಸನಾಥ ದೇವಾಲಯದ ಸಂಪತ್ತನ್ನು ಕಂಡ ಆ ಮರಿಮಗನು ಅದನ್ನು ಮುಟ್ಟದೆ ದೇವರಿಗೇ ಮರಳಿ ಒಪ್ಪಿಸಿದನು. ಆ ಸಂಗತಿಯನ್ನು ಹೇಳುವ ಕನ್ನಡ ಶಾಸನವು ಅಲ್ಲಿನ ಕಂಬವೊಂದರ ಮೇಲೆ ಇಂದಿಗೂ ಇದೆ.