ಬಣ್ಣವನ್ನು ಸೋಸಿ ನೋಡಿದವರು: ಸರ್ ಸಿ. ವಿ. ರಾಮನ್

ಮತ್ರಾದ ಕಡಲದಂಡೆಯಲ್ಲಿ ಒಂದು ಸಂಜೆ ತೆಗೆದ ಛಾಯಾಚಿತ್ರವನ್ನು ಕಪ್ಪು-ಬಿಳುಪಿಗೆ ತಿರುಗಿಸಲು ಹೊರಟಾಗ ಈ ಲೇಖನದ ಯೋಚನೆ ಮೊಳೆಯಿತು. ಮಸೀದಿಯ ನೀಲಿ ಹೆಂಚಿನ ಗುಮ್ಮಟ, ಅದರ ಹಿಂದೆ ಕಂದುಬಣ್ಣದ ಬೋಳುಬೆಟ್ಟ, ಮುಂದೆ ಬಂದರಿನ ನೀರು ಚಿತ್ರದಲ್ಲಿದ್ದವು. ಬಣ್ಣವನ್ನೆಲ್ಲ ಒಮ್ಮೆಗೇ ತೆಗೆದುಹಾಕುವಂತೆ ಕಂಪ್ಯೂಟರಿಗೆ ಹೇಳಿದೊಡನೆ ಗುಮ್ಮಟವೂ ಬೆಟ್ಟವೂ ಒಂದೇ ಬೂದುಬಣ್ಣಕ್ಕೆ ಇಳಿದು ಬೆರೆತುಹೋದವು. ಕಣ್ಣಿಗೆ ಅಷ್ಟು ಬೇರೆಯಾಗಿ ಕಂಡಿದ್ದ ಎರಡು ವಸ್ತುಗಳ ನಡುವಣ ಗೆರೆಯೇ ಇಲ್ಲವಾಯಿತು.

ಕಾರಣ ಸರಳವಾದದ್ದು. ಡಿಜಿಟಲ್ ವರ್ಣಚಿತ್ರವೆಂಬುದು ವಾಸ್ತವದಲ್ಲಿ ಒಂದರ ಮೇಲೊಂದು ಹೊಂದಿಸಿಟ್ಟ ಮೂರು ಕಪ್ಪು-ಬಿಳುಪು ಚಿತ್ರಗಳು. ಕೆಂಪು, ಹಸಿರು, ನೀಲಿ ಬೆಳಕುಗಳಿಗೆ ಒಂದೊಂದು. ಇವುಗಳಿಂದ ಒಂದೇ ಬೂದುಚಿತ್ರವನ್ನು ಪಡೆಯಬೇಕಾದರೆ ಯಾವುದರಿಂದ ಎಷ್ಟು ಪಾಲು ಎಂಬುದನ್ನು ಯಾರಾದರೂ ನಿರ್ಧರಿಸಲೇಬೇಕು. ಮೂರರ ಸರಾಸರಿ ತೆಗೆಯುವುದು ಒಂದು ಕ್ರಮ. ಹಳೆಯ ದೂರದರ್ಶನ ತಂತ್ರಜ್ಞಾನದಿಂದ ಬಂದ ಇನ್ನೊಂದು ಸೂತ್ರವು ಕೆಂಪಿಗೆ ಸುಮಾರು 30, ಹಸಿರಿಗೆ 59, ನೀಲಿಗೆ 11 ಶೇಕಡಾ ಪಾಲನ್ನು ಕೊಡುತ್ತದೆ. ಮನುಷ್ಯನ ಕಣ್ಣಿಗೆ ಹಸಿರು ಹೆಚ್ಚು ಉಜ್ವಲವಾಗಿಯೂ ನೀಲಿ ಮಂಕಾಗಿಯೂ ಕಾಣುವುದೇ ಇದಕ್ಕೆ ಆಧಾರ. ಈ ಎಲ್ಲ ಲೆಕ್ಕಾಚಾರದ ಬುಡದಲ್ಲಿರುವುದು ಮೂರು ಮೂಲವರ್ಣಗಳ ಸಿದ್ಧಾಂತ. ವೈದ್ಯ ಥಾಮಸ್ ಯಂಗ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಊಹಿಸಿ, ಹೆಲ್ಮ್‌ಹೋಲ್ಟ್ಸ್ ಮತ್ತು ಮ್ಯಾಕ್ಸ್‌ವೆಲ್ ಬೆಳೆಸಿದ ಸಿದ್ಧಾಂತವದು.

ಈ ಸಿದ್ಧಾಂತವನ್ನು ಒಪ್ಪದೆ ತಮ್ಮ ಬದುಕಿನ ಕೊನೆಯ ವರ್ಷಗಳನ್ನು ಅದರ ವಿರುದ್ಧದ ವಾದಕ್ಕೆ ಮುಡಿಪಾಗಿಟ್ಟ ಒಬ್ಬ ಮಹಾವಿಜ್ಞಾನಿ ನಮ್ಮ ಬೆಂಗಳೂರಿನಲ್ಲಿದ್ದರು. ಅವರೇ ಚಂದ್ರಶೇಖರ ವೆಂಕಟ ರಾಮನ್. ರಾಮನ್ ಪರಿಣಾಮದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಬಣ್ಣವೆಂಬ ಒಂದೇ ಎಳೆಯನ್ನು ಹಿಡಿದು ಅವರ ಜೀವನವನ್ನು ಆರಂಭದಿಂದ ಅಂತ್ಯದವರೆಗೆ ನೋಡುವುದು ಇಲ್ಲಿಯ ಉದ್ದೇಶ.

ವೈದ್ಯರು ತಡೆದ ಪಯಣ

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರಾದುದರಿಂದ ಬಾಲ್ಯ ಕಳೆದದ್ದು ಆ ಕಡಲೂರಿನಲ್ಲಿ. ಹನ್ನೊಂದರ ವಯಸ್ಸಿಗೇ ಮೆಟ್ರಿಕ್ಯುಲೇಷನ್ ಮುಗಿಸಿದ ಹುಡುಗ 1904ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಚಿನ್ನದ ಪದಕದೊಡನೆ ಬಿ.ಎ. ಪದವಿ ಪಡೆದನು. 1906ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಬೆಳಕಿನ ವಿವರ್ತನೆಯನ್ನು ಕುರಿತ ಅವರ ಮೊದಲ ಪ್ರಬಂಧವು ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಅಚ್ಚಾಯಿತು.

ಇಂಥ ವಿದ್ಯಾರ್ಥಿ ಹೆಚ್ಚಿನ ವ್ಯಾಸಂಗಕ್ಕೆ ಇಂಗ್ಲೆಂಡಿಗೆ ಹೋಗುವುದು ಅಂದಿನ ವಾಡಿಕೆ. ಆದರೆ ತಪಾಸಣೆ ಮಾಡಿದ ಮದರಾಸಿನ ಸಿವಿಲ್ ಸರ್ಜನ್, ಈ ಕೃಶದೇಹಿ ಅಲ್ಲಿನ ಹವೆಯನ್ನು ತಾಳಲಾರನೆಂದು ತೀರ್ಪು ಕೊಟ್ಟರು. ಮುಂದೆ ರಾಮನ್ 82 ವರ್ಷ ಬದುಕಿದರು! ದೇಹದಾರ್ಢ್ಯದ ಪ್ರಮಾಣಪತ್ರಗಳಿಗೆ ನಾನೂ ಸಹಿ ಹಾಕುವವನು. ಆ ಕಾಗದಗಳು ಎಷ್ಟು ದೂರ ನಡೆಯುತ್ತವೆ ಎಂಬುದನ್ನು ಈ ಪ್ರಸಂಗ ನೆನಪಿಸುತ್ತದೆ. ಆ ವೈದ್ಯರ ಮಾತು ತಪ್ಪಾಗಿದ್ದರೂ ಅದರಿಂದ ಒಬ್ಬ ಸ್ವತಂತ್ರ ಸಂಶೋಧಕ ಭಾರತದಲ್ಲೇ ಬೆಳೆಯುವಂತಾಯಿತು.

1907ರಲ್ಲಿ ರಾಮನ್ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಪತ್ನಿ ಲೋಕಸುಂದರಿಯೊಡನೆ ಕಲ್ಕತ್ತೆಗೆ ಹೋದರು. ಅಲ್ಲಿ ಬೌಬಜಾರ್ ಬೀದಿಯಲ್ಲಿ ವಿಜ್ಞಾನದ ಒಂದು ಸಂಸ್ಥೆಯಿತ್ತು. ಅದನ್ನು 1876ರಲ್ಲಿ ಕಟ್ಟಿದವರು ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು. ರಾಮನ್ ಅವರು ಕಚೇರಿಗೆ ಮುನ್ನ ಬೆಳಗಿನಲ್ಲಿ, ಕಚೇರಿ ಮುಗಿದ ಮೇಲೆ ರಾತ್ರಿಯವರೆಗೆ ಅಲ್ಲಿಯೇ ಪ್ರಯೋಗ ನಡೆಸುತ್ತಿದ್ದರು. ಹತ್ತು ವರ್ಷ ಹೀಗೆ ಸಾಗಿದ ಬಳಿಕ, 1917ರಲ್ಲಿ, ಕೈತುಂಬ ಸಂಬಳದ ಸರ್ಕಾರಿ ಹುದ್ದೆಯನ್ನು ತೊರೆದು ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಪೀಠವನ್ನು ಒಪ್ಪಿಕೊಂಡರು.

ಕಡಲಿನ ನೀಲಿ

1921ರಲ್ಲಿ ಆಕ್ಸ್‌ಫರ್ಡಿನ ಸಮ್ಮೇಳನವೊಂದಕ್ಕಾಗಿ ರಾಮನ್ ಮೊದಲ ಬಾರಿ ಯೂರೋಪಿಗೆ ಹೋದರು. ಮೆಡಿಟರೇನಿಯನ್ ಕಡಲಿನ ಗಾಢನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಕಡಲಿನ ನೀಲಿಯು ಆಕಾಶದ ನೀಲಿಯ ಪ್ರತಿಬಿಂಬವಷ್ಟೇ ಎಂದು ಲಾರ್ಡ್ ರ್‍ಯಾಲೆ ಹೇಳಿದ್ದರು. ಅದನ್ನು ಪ್ರಶ್ನಿಸುವವರು ಹೆಚ್ಚಿರಲಿಲ್ಲ. ಎಸ್. ಎಸ್. ನರ್ಕುಂಡ ಹಡಗಿನಲ್ಲಿ ಹಿಂದಿರುಗುವಾಗ ರಾಮನ್ ತಮ್ಮೊಡನಿದ್ದ ನಿಕೋಲ್ ಪಟ್ಟಕದ ಮೂಲಕ ನೀರನ್ನು ನೋಡಿದರು. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸುವ ಬೆಳಕು ಧ್ರುವೀಕರಣಗೊಂಡಿರುತ್ತದೆ. ಪಟ್ಟಕವನ್ನು ತಿರುಗಿಸಿ ಅದನ್ನು ನಂದಿಸಬಹುದು. ಆಕಾಶದ ಪ್ರತಿಬಿಂಬ ಹೀಗೆ ಅಳಿಸಿಹೋದ ಮೇಲೂ ಕಡಲು ನೀಲಿಯಾಗಿಯೇ ಇತ್ತು, ಮೊದಲಿಗಿಂತ ಗಾಢವಾಗಿಯೇ ಇತ್ತು. ಅಂದರೆ ಬಣ್ಣ ಬರುತ್ತಿದ್ದದ್ದು ನೀರಿನ ಒಳಗಿನಿಂದ. ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆ ಎಂಬ ವಾದವನ್ನು ಅವರು ಬೊಂಬಾಯಿ ತಲುಪಿದ ಕೂಡಲೇ ನೇಚರ್ ಪತ್ರಿಕೆಗೆ ಬರೆದು ಕಳಿಸಿದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದಕ್ಕೂ ಈ ನೀಲಿಯಲ್ಲಿ ದೊಡ್ಡ ಪಾಲಿದೆ ಎಂಬುದು ಇಂದಿನ ತಿಳಿವಳಿಕೆ.

ಛಾಯಾಚಿತ್ರದ ಹವ್ಯಾಸಿಗಳಿಗೆ ಇಲ್ಲೊಂದು ಪಾಠವಿದೆ. ಮತ್ರಾದ ನೀರಿನ ಚಿತ್ರವನ್ನು ಕೆಂಪು ಚಾನೆಲ್‌ನಲ್ಲಿ ಮಾತ್ರ ನೋಡಿದರೆ ಅದು ಬಹುತೇಕ ಕಪ್ಪಾಗಿ ಕಾಣುತ್ತದೆ, ನೀಲಿ ಚಾನೆಲ್‌ನಲ್ಲಿ ತಿಳಿಯಾಗುತ್ತದೆ. ಇದನ್ನು ಚಿತ್ರ ತೆಗೆದ ಮೇಲೂ ಕಂಪ್ಯೂಟರಿನಲ್ಲಿ ಬದಲಿಸಬಹುದು. ಆದರೆ ನೀರಿನ ಮೇಲಿನ ಹೊಳಪನ್ನು ತೆಗೆಯಲು ಪೋಲರೈಸರ್ ಗಾಜನ್ನು ಮಸೂರದ ಮುಂದೆ ಮೊದಲೇ ಇಡಬೇಕು. ಧ್ರುವೀಕರಣದ ಸುದ್ದಿ ಮೂರು ಚಾನೆಲ್‌ಗಳಲ್ಲಿ ಎಲ್ಲಿಯೂ ದಾಖಲಾಗುವುದಿಲ್ಲ.

ಎರಡು ಬಣ್ಣದ ಗಾಜುಗಳು

ಮುಂದಿನ ಏಳು ವರ್ಷ ರಾಮನ್ ಮತ್ತು ಅವರ ಶಿಷ್ಯರು ದ್ರವಗಳಲ್ಲಿ ಬೆಳಕು ಚದರುವುದನ್ನೇ ಅಭ್ಯಸಿಸಿದರು. ಅವರ ಮುಖ್ಯ ಸಾಧನ ಪರಸ್ಪರ ಪೂರಕವಾದ ಎರಡು ಬಣ್ಣದ ಗಾಜುಗಳು. ಒಂದು ದೊಡ್ಡ ದೂರದರ್ಶಕದ ಮಸೂರದಿಂದ ಸೂರ್ಯನ ಬೆಳಕನ್ನು ಒಟ್ಟುಗೂಡಿಸಿ, ನೀಲಿ-ನೇರಳೆ ಗಾಜಿನಲ್ಲಿ ಸೋಸಿ, ಶುದ್ಧ ದ್ರವದೊಳಗೆ ಹಾಯಿಸುವುದು. ನೋಡುವ ಕಣ್ಣಿನ ಮುಂದೆ ಹಳದಿ-ಹಸಿರು ಗಾಜನ್ನು ಹಿಡಿಯುವುದು. ಮೊದಲ ಗಾಜು ಬಿಟ್ಟ ಬಣ್ಣವನ್ನೆಲ್ಲ ಎರಡನೆಯದು ತಡೆಯುವುದರಿಂದ ಕತ್ತಲೆಯೇ ಕಾಣಬೇಕು. ಆದರೆ ಅಲ್ಲೊಂದು ಮಸುಕಾದ ಬೆಳಕಿನ ಹಾದಿ ಉಳಿಯುತ್ತಿತ್ತು. 1923ರಲ್ಲಿಯೇ ಕೆ. ಆರ್. ರಾಮನಾಥನ್ ಅದನ್ನು ಗುರುತಿಸಿದ್ದರು. ದ್ರವದಲ್ಲಿನ ಕಲ್ಮಶದ ಪ್ರತಿದೀಪ್ತಿ ಇರಬಹುದೆಂಬ ಅನುಮಾನದಿಂದ ದ್ರವವನ್ನು ಮತ್ತೆ ಮತ್ತೆ ಶುದ್ಧಿ ಮಾಡಿದರೂ ಅದು ಹೋಗಲಿಲ್ಲ.

1928ರ ಆರಂಭದಲ್ಲಿ ಕೆ. ಎಸ್. ಕೃಷ್ಣನ್ ಅವರೊಡನೆ ನಡೆಸಿದ ಪ್ರಯೋಗಗಳಲ್ಲಿ ಇದು ಪ್ರತಿದೀಪ್ತಿಯಲ್ಲ, ಅಣುವಿಗೆ ಡಿಕ್ಕಿಯಾದ ಬೆಳಕೇ ತನ್ನ ಬಣ್ಣವನ್ನು ಬದಲಿಸುತ್ತಿದೆ ಎಂಬುದು ಸ್ಪಷ್ಟವಾಯಿತು. ಫೆಬ್ರವರಿ 28ರಂದು ರೋಹಿತದರ್ಶಕದಲ್ಲಿ ಹೊಸ ಬೆಳಕು ಬೇರೆಯಾಗಿ ಕಂಡಿತು. ಮಾರ್ಚ್ 16ರಂದು ರಾಮನ್ ಅದನ್ನು ವಿವರವಾಗಿ ಲೋಕಕ್ಕೆ ತಿಳಿಸಿದ ಭಾಷಣ ನಡೆದದ್ದು ಬೆಂಗಳೂರಿನಲ್ಲಿ. ಪಾದರಸ ದೀಪದ ಬೆಳಕನ್ನು ಬಳಸಿ ತೆಗೆದ ರೋಹಿತದ ಛಾಯಾಚಿತ್ರಗಳಲ್ಲಿ ಮೂಲಗೆರೆಯ ಪಕ್ಕದಲ್ಲಿ ಹೊಸ ಗೆರೆಗಳು ಮೂಡಿದ್ದವು. ಬಣ್ಣ ಬದಲಾಯಿತು ಎಂಬ ಈ ಮಹಾಸಂಗತಿಗೆ ಸಾಕ್ಷಿಯಾದವು ಬಣ್ಣವೇ ಇಲ್ಲದ ಕಪ್ಪು-ಬಿಳುಪು ಗಾಜಿನ ಫಲಕಗಳು! ಬಣ್ಣ ಅಲ್ಲಿ ಗೆರೆಯ ಸ್ಥಾನವಾಗಿ ಪರಿವರ್ತನೆ ಹೊಂದಿತ್ತು. 1930ರಲ್ಲಿ ನೊಬೆಲ್ ಪಾರಿತೋಷಕ ರಾಮನ್ ಒಬ್ಬರಿಗೇ ಬಂದಿತು. ಕೃಷ್ಣನ್ ಅವರ ಪಾಲು ದೊಡ್ಡದಿತ್ತೆಂಬುದನ್ನೂ ನಾವು ಮರೆಯಬಾರದು.

ಬೆಂಗಳೂರಿನ ವರ್ಷಗಳು

1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಮರುವರ್ಷವೇ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಅದಕ್ಕೆ ಮೈಸೂರು ಸಂಸ್ಥಾನ ಭೂಮಿಯನ್ನು ಕೊಟ್ಟಿತು. ಹಠ, ಆತುರ, ನೇರನುಡಿಗಳ ಅವರ ಸ್ವಭಾವಕ್ಕೂ ಆಡಳಿತ ಮಂಡಳಿಗೂ ಹೊಂದಲಿಲ್ಲ. 1937ರಲ್ಲಿ ನಿರ್ದೇಶಕ ಸ್ಥಾನವನ್ನು ಬಿಟ್ಟರೂ 1948ರವರೆಗೆ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ಅಲ್ಲಿಯೇ ಮುಂದುವರಿದರು. ನಿವೃತ್ತಿಯ ನಂತರ ತಮ್ಮದೇ ಆದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ನೆಲೆಸಿದರು. ವಜ್ರಗಳು, ರತ್ನಗಳು, ಚಿಪ್ಪುಗಳು, ಕತ್ತಲಕೋಣೆಯಲ್ಲಿ ಅತಿನೇರಳೆ ಬೆಳಕಿಗೆ ಹೊಳೆಯುವ ಖನಿಜಗಳು ಅವರ ಸಂಗ್ರಹವಾದವು. 1954ರಲ್ಲಿ ಭಾರತರತ್ನ ಬಂದಿತು.

ಇಳಿವಯಸ್ಸಿನಲ್ಲಿ ಅವರ ಕುತೂಹಲ ತೋಟದ ಹೂಗಳ ಕಡೆಗೆ ಹರಿಯಿತು. ಹೂವಿನ ದಳದಿಂದ ಬರುವ ಬೆಳಕನ್ನು ರೋಹಿತದರ್ಶಕದಲ್ಲಿ ನೋಡುತ್ತ, ನೀಲಿ ಮತ್ತು ನೇರಳೆ ಹೂಗಳು ರೋಹಿತದ ಹಳದಿ ಭಾಗವನ್ನು ಹೀರಿಕೊಳ್ಳುವುದನ್ನು ಗಮನಿಸಿದರು. ಹೂವಿನಿಂದ ಕಣ್ಣಿಗೆ ಬಂದರು. ಬಣ್ಣದ ಗಾಜೊಂದರ ಮೂಲಕ ಬೆಳ್ಳನೆಯ ಪರದೆಯನ್ನು ದಿಟ್ಟಿಸಿ, ಗಾಜನ್ನು ತಟಕ್ಕನೆ ಸರಿಸಿದಾಗ ಪರದೆಯ ಮೇಲೆ ಕಾಣುವ ಆಕೃತಿಗಳಲ್ಲಿ ತಮ್ಮದೇ ಅಕ್ಷಿಪಟಲದ ಚಿತ್ರವನ್ನು ಓದಲು ಯತ್ನಿಸಿದರು. 1968ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ದೃಷ್ಟಿಯ ಶರೀರಕ್ರಿಯೆಯನ್ನು ಕುರಿತ ಅವರ ಗ್ರಂಥ ಹೊರಬಂದಿತು. ಮೂರು ಮೂಲವರ್ಣಗಳ ಸಿದ್ಧಾಂತವನ್ನು ಅವರು ಅದರಲ್ಲಿ ತಿರಸ್ಕರಿಸಿದರು. ಹಳದಿಯು ಕೆಂಪು-ಹಸಿರುಗಳ ಬೆರಕೆಯಲ್ಲ, ಸ್ವತಂತ್ರವಾದ ಅನುಭವ ಎಂಬುದು ಅವರ ನಿಲುವು.

ವೈದ್ಯನ ಸಂಕಟ

ಇಲ್ಲಿಗೆ ಬಂದಾಗ ನನ್ನೊಳಗೆ ಇಬ್ಬರು ಜಗಳವಾಡುತ್ತಾರೆ. ಬೆಂಗಳೂರಿನ ರಾಮನ್ ಅವರೇ ಸರಿ ಎನ್ನಲು ಹಂಬಲಿಸುವ ಕನ್ನಡಿಗ ಒಬ್ಬ. ಎಂಬಿಬಿಎಸ್‌ನ ಮೊದಲ ವರ್ಷದಲ್ಲೇ ಮೂರು ಬಗೆಯ ಶಂಕುಕೋಶಗಳ ಪಾಠ ಕಲಿತವನು ಇನ್ನೊಬ್ಬ. ಸಾಕ್ಷ್ಯ ಎರಡನೆಯವನ ಕಡೆಗಿದೆ. ಗ್ರಂಥ ಹೊರಬರುವ ನಾಲ್ಕು ವರ್ಷ ಮೊದಲೇ, 1964ರಲ್ಲಿ, ಅಮೆರಿಕದ ಎರಡು ಸಂಶೋಧಕ ತಂಡಗಳು ಒಂದೊಂದು ಶಂಕುಕೋಶದ ಬೆಳಕಿನ ಹೀರಿಕೆಯನ್ನು ಅಳೆದು, ಅವು ಮೂರು ಬಗೆಯವೆಂದು ತೋರಿಸಿದ್ದವು. 1986ರಲ್ಲಿ ಆ ವರ್ಣದ್ರವ್ಯಗಳ ಜೀನ್‌ಗಳೂ ದೊರೆತವು. ಮೂಲವರ್ಣಗಳ ವಿಷಯದಲ್ಲಿ ರಾಮನ್ ತಪ್ಪಿದ್ದರು. ತಮ್ಮ ಕಣ್ಣೊಂದನ್ನೇ ನಂಬಿ ಕಡಲಿನ ಮೇಲೆ ರ್‍ಯಾಲೆಯವರನ್ನು ಗೆದ್ದವರು, ಅದೇ ಕಣ್ಣನ್ನು ನಂಬಿ ಕೊನೆಗೆ ಸೋತರು. ಜೀವಕೋಶದೊಳಗಿನ ಸಂಗತಿಯನ್ನು ಅದರ ಒಡೆಯನ ಅನುಭವದಿಂದ ಮಾತ್ರ ತೀರ್ಮಾನಿಸಲಾಗದು. ರೋಗಿಯ ನೋವು ನಿಜವೇ ಆದರೂ ಅವನು ತೋರಿಸಿದ ಜಾಗದಲ್ಲಿಯೇ ರೋಗ ಇರಬೇಕಾಗಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮೂರು ಶಂಕುಕೋಶಗಳ ಸಂದೇಶಗಳು ಹಾಗೆಯೇ ಮಿದುಳಿಗೆ ಹೋಗುವುದಿಲ್ಲ. ಅಕ್ಷಿಪಟಲದಲ್ಲಿಯೇ ನರಕೋಶಗಳು ಅವನ್ನು ತೂಗಿ ನೋಡಿ ಕೆಂಪಿಗೆದುರಾಗಿ ಹಸಿರು, ನೀಲಿಗೆದುರಾಗಿ ಹಳದಿ, ಇವೆರಡರ ಜೊತೆಗೆ ಬೆಳಕು-ಕತ್ತಲೆ ಎಂಬ ಜೋಡಿಗಳಾಗಿ ಮಾರ್ಪಡಿಸುತ್ತವೆ. ಹೆರಿಂಗ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹೇಳಿದ್ದ ಈ ವಿಚಾರ 1950ರ ದಶಕದಲ್ಲಿ ಮತ್ತೆ ಬಲಗೊಂಡಿತು. ಆ ಹಂತದಲ್ಲಿ ಹಳದಿಗೆ ಅದರದೇ ಸ್ಥಾನವಿದೆ. ಹಳದಿಯು ಬೆರಕೆಯಂತೆ ತೋರುವುದಿಲ್ಲ ಎಂಬ ರಾಮನ್ ಅವರ ಅನುಭವ ಸುಳ್ಳಲ್ಲ. ಅದರಿಂದ ಅವರು ತೆಗೆದ ನಿರ್ಣಯ ಮಾತ್ರ ಸರಿಯಲ್ಲ.

ರಾಮನ್ 1970ರ ನವೆಂಬರ್ 21ರಂದು ತೀರಿಕೊಂಡರು. ಸಂಸ್ಥೆಯ ತೋಟದಲ್ಲಿಯೇ ದಹನವಾಯಿತು. ಆ ಸ್ಥಳದಲ್ಲಿ ಸ್ಮಾರಕವಾಗಿ ಒಂದು ಮರವಿದೆ. ಆರು ವರ್ಷಗಳ ನಂತರ, 1976ರಲ್ಲಿ, ಬೆಳಕು ಹಾಗೂ ವರ್ಣಮಾಪನದ ಅಂತರರಾಷ್ಟ್ರೀಯ ಆಯೋಗವು ಲ್ಯಾಬ್ ಎಂಬ ವರ್ಣಕ್ರಮವನ್ನು ಅಂಗೀಕರಿಸಿತು. ಅದರಲ್ಲಿ ಬಣ್ಣವನ್ನು ಹಸಿರು-ಕೆಂಪು, ನೀಲಿ-ಹಳದಿ ಎಂಬ ಎರಡು ಅಕ್ಷಗಳಲ್ಲಿಯೂ ಬೆಳಕನ್ನು ಪ್ರತ್ಯೇಕವಾಗಿಯೂ ಅಳೆಯುತ್ತಾರೆ. ಫೋಟೊಶಾಪ್‌ನಂಥ ತಂತ್ರಾಂಶಗಳಲ್ಲಿ ಚಿತ್ರವನ್ನು ಲ್ಯಾಬ್‌ಗೆ ಬದಲಿಸಿ, ಬೆಳಕಿನ ಚಾನೆಲ್ಲೊಂದನ್ನೇ ಉಳಿಸಿಕೊಂಡು ಕಪ್ಪು-ಬಿಳುಪು ಚಿತ್ರ ಪಡೆಯುವುದು ಅನೇಕರ ರೂಢಿ.

ನನ್ನ ಮತ್ರಾದ ಚಿತ್ರಕ್ಕೆ ಆ ಉಪಾಯವೂ ಸಾಲಲಿಲ್ಲ, ಏಕೆಂದರೆ ಗುಮ್ಮಟ ಮತ್ತು ಬೆಟ್ಟಗಳ ಬೆಳಕು ನಿಜವಾಗಿಯೂ ಸಮನಾಗಿತ್ತು. ಬೇರೆಯಾಗಿದ್ದದ್ದು ಬಣ್ಣ ಮಾತ್ರ. ಕೊನೆಗೆ ನೀಲಿಯ ಪಾಲನ್ನು ಏರಿಸಿ ಕೆಂಪಿನ ಪಾಲನ್ನು ಇಳಿಸಿದೆ. ಗುಮ್ಮಟ ಬೆಳ್ಳಗಾಯಿತು, ಬೆಟ್ಟ ಕಪ್ಪಾಗಿ ಹಿಂದೆ ಸರಿಯಿತು. ಕಣ್ಣಿನ ವೈದ್ಯರು ಅಕ್ಷಿಪಟಲದ ರಕ್ತನಾಳಗಳನ್ನು ಎದ್ದು ಕಾಣಿಸಲು ಕೆಂಪನ್ನು ತಡೆದು ಹಸಿರು ಬೆಳಕಿನಲ್ಲಿ ಚಿತ್ರ ತೆಗೆಯುವುದೂ ಇದೇ ನ್ಯಾಯದಿಂದ. ಯಾವುದನ್ನು ನೋಡಬೇಕೆಂಬುದು ಖಚಿತವಾದರೆ ಯಾವ ಬಣ್ಣವನ್ನು ಸೋಸಬೇಕೆಂಬುದೂ ಖಚಿತವಾಗುತ್ತದೆ. ನರ್ಕುಂಡದ ಅಟ್ಟದ ಮೇಲೂ ಬೌಬಜಾರಿನ ಕತ್ತಲಕೋಣೆಯಲ್ಲೂ ರಾಮನ್ ಮಾಡಿದ್ದು ಅದನ್ನೇ. ಅವರ ಕೊನೆಯ ಗ್ರಂಥದ ತೀರ್ಮಾನಗಳನ್ನು ಬದಿಗಿಡಬಹುದು. ಬಣ್ಣದ ಗಾಜನ್ನು ಹಿಡಿದು ಸ್ವತಃ ನೋಡುವ ಆ ಅಭ್ಯಾಸವನ್ನು ಬಿಡಲಾಗದು.